ಕರೆಯೋ ಸಂಧಿ

ಜಂಗಿನ ಸದ್ದು ಕೇಳಿದರೆ ಈಗಲೂ ನನಗೆ ಹೆದರಿಕೆಯಾಗುತ್ತದೆ. ಜಂಗಮರು ಮೊಣಕಾಲ ಕೆಳಗೆ ಕಟ್ಟಿಕೊಳ್ಳುವ, ದಪ್ಪ ಗೆಜ್ಜೆಯಂಥ ಗಂಟೆಗಳ ಪಟ್ಟಿ ಅದು. ಈಗ ಕಟ್ಟಿಕೊಳ್ಳುವವರೂ ಕಡಿಮೆ, ಕೇಳುವವರೂ ಕಡಿಮೆ. ಮೊನ್ನೆ ಹೊಳಲ್ಕೆರೆಯ ಸಂತೆಯಲ್ಲಿ ಕುಕ್ಕರಗಾಲಲ್ಲಿ ಕೂತು ಟೊಮೆಟೊ ಆರಿಸುತ್ತಿದ್ದಾಗ ಬೆನ್ನ ಹಿಂದೆ ಝಲ್ ಝಲ್ ಅಂತ ಕೇಳಿಸಿತು. ಅರವತ್ತರ ಹತ್ತಿರ ಬಂದ ಹೆಂಗಸು ನಾನು. ಅಂಗನವಾಡಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಗುಮ್ಮನೂ ಇಲ್ಲ, ದೆವ್ವವೂ ಇಲ್ಲ ಅಂತ ಧೈರ್ಯ ಹೇಳಿ ಮಲಗಿಸಿದವಳು. ಆದರೂ ನೋಡಿ, ಕೈಲಿದ್ದ ಟೊಮೆಟೊ ಬಿಟ್ಟು, ಪಕ್ಕದಲ್ಲಿ ಆಡುತ್ತಿದ್ದ ತರಕಾರಿಯವಳ ಮಗುವನ್ನು ಎಳೆದು ಸೆರಗಿನೊಳಗೆ ಮುಚ್ಚಿಕೊಂಡುಬಿಟ್ಟೆ. ಅವಳು ಗಾಬರಿಯಾಗಿ, "ಯಾಕಮ್ಮಾ, ನಾಯಿ ಬಂತಾ?" ಅಂದಳು. ಏನು ಹೇಳುವುದು? "ಹೂಂ ಕಣಮ್ಮ, ನಾಯಿ" ಅಂದೆ. ಪಾಪ, ಆ ಜಂಗಮಯ್ಯ ಪಕ್ಕದಂಗಡಿಯಲ್ಲಿ ಎಲೆ ಅಡಿಕೆ ಕೊಂಡು ತನ್ನ ಪಾಡಿಗೆ ತಾನು ಹೋದ.

ಬಾಗಿಲಲ್ಲಿ ನಿಂತರೆ ರಾಮಗಿರಿಯ ಗುಡ್ಡ ಕಾಣುವಷ್ಟು ಹತ್ತಿರದ ಹಳ್ಳಿ ನಮ್ಮದು. ಮಣ್ಣಿನ ಮಾಳಿಗೆಯ ಮನೆ, ಬೇಸಿಗೆಯಲ್ಲೂ ತಂಪು. ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬರುತ್ತಿದ್ದುದು ಮೂಲೆಯಲ್ಲಿ ಒಟ್ಟಿದ ಶೇಂಗಾ ಚೀಲಗಳ ವಾಸನೆ, ಆಮೇಲೆ ಅಜ್ಜನ ವಿಭೂತಿಯದು. ಅಜ್ಜ ಅಂದರೆ ಅಪ್ಪನ ಅಪ್ಪ, ರುದ್ರಪ್ಪ. ಆರಡಿ ಆಳು, ಬಾಗಿಲಿಗೆ ಬಗ್ಗಿಯೇ ಬರಬೇಕು. ಅಷ್ಟು ದೊಡ್ಡ ಮನುಷ್ಯ ಎಂಥ ಮೆದು ಅಂದರೆ, ಮಳೆಗಾಲದ ಸಂಜೆ ದೀಪಕ್ಕೆ ಹುಳ ಬಿದ್ದು ಸಾಯುತ್ತವೆ ಅಂತ ಓದುವುದನ್ನು ನಿಲ್ಲಿಸಿ, ಪಂಚೆಯ ತುದಿಯಲ್ಲಿ ಒಂದೊಂದನ್ನೇ ಓಡಿಸಿ, ಮತ್ತೆ ಓದಲು ಕೂರುತ್ತಿದ್ದರು. ಅಜ್ಜಿ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಅಜ್ಜ, ಅಪ್ಪ, ಅವ್ವ, ನಾನು, ನನ್ನ ತಮ್ಮ ಚಂದ್ರು. ಅಪ್ಪ ಮಾತಾಡಿದ್ದು ಕೇಳಿದವರು ಊರಲ್ಲಿ ಕಡಿಮೆ. ಎತ್ತುಗಳ ಜೊತೆ ಮಾತ್ರ ಧಾರಾಳವಾಗಿ ಮಾತಾಡುತ್ತಿದ್ದರು. ಅವ್ವ ಹಿರೇಗುಂಟನೂರಿನ ಹೆಣ್ಣು. ನಗುಮುಖದವಳು, ಎದುರು ಮಾತು ಬಾರದವಳು ಅಂತ ಹೆಸರು ತೆಗೆದುಕೊಂಡಿದ್ದಳು.

ಶ್ರಾವಣ ಬಂತೆಂದರೆ ನಮ್ಮ ಪಡಸಾಲೆಯಲ್ಲಿ ಪುರಾಣ. ಸಂಜೆ ದೀಪ ಹಚ್ಚಿದ ಮೇಲೆ ಊರಿನ ಅರ್ಧ ಜನ ಬಂದು ಕೂರುತ್ತಿದ್ದರು. ಅಜ್ಜ ದಿನಕ್ಕೊಂದು ಸಂಧಿ, ಅಂದರೆ ಒಂದು ಅಧ್ಯಾಯ, ರಾಗವಾಗಿ ಓದಿ ಅರ್ಥ ಹೇಳುತ್ತಿದ್ದರು. ಅದರಲ್ಲಿ ಒಂದು ಸಂಧಿಗೆ ನಮ್ಮ ಮನೆಯಲ್ಲಿ 'ಕರೆಯೋ ಸಂಧಿ' ಅಂತಲೇ ಹೆಸರು. ಕಥೆ ನಿಮಗೆ ಗೊತ್ತಿದ್ದೀತು. ಶಿವ ಜಂಗಮನ ವೇಷದಲ್ಲಿ ಒಬ್ಬ ಭಕ್ತನ ಮನೆಗೆ ಬರುತ್ತಾನೆ. ಏನು ಬೇಕು, ಅಪ್ಪಣೆಯಾಗಲಿ ಅನ್ನುತ್ತಾನೆ ಭಕ್ತ. ನಿನ್ನ ಒಬ್ಬನೇ ಮಗನ ಮಾಂಸ ಬೇಕು ಅನ್ನುತ್ತಾನೆ ಜಂಗಮ. ಗಂಡ ಹೆಂಡತಿ ಇಬ್ಬರೂ ಸೇರಿ, ಕಣ್ಣೀರು ಹಾಕದೆ, ಮಗನನ್ನು ಕೊಯ್ದು ಅಡುಗೆ ಮಾಡಿ ಬಡಿಸುತ್ತಾರೆ. ಆಗ ಜಂಗಮ, ಮಕ್ಕಳಿಲ್ಲದ ಮನೆಯಲ್ಲಿ ಉಣ್ಣಲಾರೆ, ಮಗನನ್ನು ಕರೆಯಿರಿ ಅನ್ನುತ್ತಾನೆ. ತಾಯಿ ಬಾಗಿಲಿಗೆ ಹೋಗಿ ಕರೆಯುತ್ತಾಳೆ. ಮಗ ಆಟದಿಂದ ಓಡಿ ಬಂದವನಂತೆ ಓಡಿ ಬರುತ್ತಾನೆ.

ನಮ್ಮ ಮನೆಯ ಪದ್ಧತಿ ಏನೆಂದರೆ, ಆ ಸಂಧಿಯ ದಿನ ಮನೆಯ ಗಂಡುಮಗುವನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕುತ್ತಿದ್ದರು. ಅಜ್ಜ ಆ ಸಾಲಿಗೆ ಬಂದು ಓದು ನಿಲ್ಲಿಸಿದಾಗ ಅವ್ವ ಎದ್ದು, ಬಾಗಿಲು ತೆರೆದು, "ಬಾರೋ ಕಂದಾ, ಉಣ್ಣಾಕೆ ಬಾರೋ" ಅಂತ ಕರೆಯಬೇಕು. ಮಗು ಓಡಿ ಬಂದು ಜನರ ನಡುವೆ ನಿಲ್ಲಬೇಕು. ಹೂವು, ಆರತಿ, ಹೆಂಗಸರ ಕಣ್ಣೀರು. ಹಿಂದೆ ಅಪ್ಪ ಹಾಗೆ ನಿಂತು ಓಡಿ ಬಂದವರೇ ಅಂತೆ. ಚಂದ್ರುವಿಗೆ ನಡಿಗೆ ಬಂದಾಗಿನಿಂದ ನಾಲ್ಕು ವರ್ಷ ಅವನೇ ಬಂದ. ನನ್ನನ್ನು ಒಂದು ಸಲವೂ ನಿಲ್ಲಿಸಲಿಲ್ಲ. ಕಥೆಯಲ್ಲಿರುವುದು ಗಂಡುಹುಡುಗ, ನೀನು ಹೂವಿನ ತಟ್ಟೆ ಹಿಡ್ಕೋ ಅಂದರು. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹೊಟ್ಟೆ ಉರಿಯ ಜೊತೆಗೆ ಭಯವೂ ಇತ್ತು. ಮೊಟ್ಟೆಯ ಸಿಪ್ಪೆ ಕೂಡ ಹೊಸಿಲು ದಾಟದ ಮನೆ ನಮ್ಮದು. ಅಂಥ ಮನೆಯ ಪಡಸಾಲೆಯಲ್ಲಿ ಅಜ್ಜ ಆ ಮೆದು ದನಿಯಲ್ಲಿ, ತಾಯಿ ಮಗನ ಕಾಲು ಹಿಡಿದಳು, ತಂದೆ ಕತ್ತಿ ಎತ್ತಿದ ಅಂತ ಅರ್ಥ ಹೇಳುತ್ತಿದ್ದರೆ ಜನ "ಶಿವ ಶಿವಾ" ಅಂತ ಕೈ ಮುಗಿಯುತ್ತಿದ್ದರು. ಆ ದಿನದ ಪ್ರಸಾದಕ್ಕೆ ಬೂದುಗುಂಬಳ. ಇಡೀ ಕುಂಬಳಕಾಯಿಯನ್ನು ಹೆಂಗಸರು ಒಡೆಯಬಾರದು, ಮೊದಲ ಏಟು ಗಂಡಸಿನದು. ಅಪ್ಪ ಕತ್ತಿಯಿಂದ ಎರಡು ಹೋಳು ಮಾಡಿಕೊಟ್ಟರೆ ಅವ್ವ ಈಳಿಗೆಮಣೆಯಲ್ಲಿ ಮುಂದಿನದನ್ನು ಹೆಚ್ಚುತ್ತಿದ್ದಳು. ಅವರಿಬ್ಬರೂ ಮಾತಿಲ್ಲದೆ ಆ ಕೆಲಸ ಮಾಡುವುದನ್ನು ನಾನು ಅಡುಗೆಮನೆಯ ಬಾಗಿಲಿಗೆ ಆತುಕೊಂಡು ನೋಡುತ್ತಿದ್ದೆ. ದೊಡ್ಡ ತಪ್ಪಲೆಯನ್ನು ನೋಡಿದರೆ ಅದರಲ್ಲಿ ಎಷ್ಟು ದೊಡ್ಡ ಹುಡುಗ ಹಿಡಿಯುತ್ತಾನೆ ಅಂತ ಲೆಕ್ಕ ಹಾಕುತ್ತಿತ್ತು ನನ್ನ ಹಾಳು ತಲೆ. ಬರುವ ಪ್ರತಿ ಜಂಗಮನಿಗೂ ಅಜ್ಜ ಕಾಲು ತೊಳೆದು, ಕೈ ಮುಗಿದು, "ಏನು ಅಪ್ಪಣೆ ಬುದ್ಧೀ?" ಅಂತ ಕೇಳಿಯೇ ಕೇಳುತ್ತಿದ್ದರು. ಕಥೆಯಲ್ಲೂ ಅದೇ ಮಾತು! ಅವರು ಮಜ್ಜಿಗೆ ಅನ್ನುವವರೆಗೂ, ಜೋಳದ ಹಿಟ್ಟು ಅನ್ನುವವರೆಗೂ ನಾನು ಉಸಿರು ಬಿಡುತ್ತಿರಲಿಲ್ಲ.

ಒಂದು ಸಲ ಅಜ್ಜನನ್ನೇ ಕೇಳಿದೆ, ಅವರು ಯಾಕೆ ಕೊಯ್ದರು ಅಂತ. "ಅದು ಪರೀಕ್ಷೆ ಕಣವ್ವ" ಅಂದರು ಅಜ್ಜ. "ಕೊಟ್ಟಿದ್ದು ಎಲ್ಲೂ ಹೋಗಲ್ಲ. ಕರೆದ್ರೆ ಬರ್ತೈತೆ."

"ಕರೀದೇ ಇದ್ರೆ ಅಜ್ಜ?"

ಅಜ್ಜ ನಕ್ಕು ನನ್ನ ಕೆನ್ನೆ ಹಿಂಡಿದರು. ಉತ್ತರವನ್ನು ನಾನೇ ಮಾಡಿಕೊಂಡೆ. ಮಾಡಿಕೊಂಡು ಸುಮ್ಮನಿರಬೇಕಿತ್ತು. ಒಂದು ದಿನ ಆರತಿಯ ಜಂಬದಿಂದ ಚಂದ್ರು ನನ್ನನ್ನು ಅಣಕಿಸಿದಾಗ ರೇಗಿ ಹೇಳಿಬಿಟ್ಟೆ: "ಲೇ, ಬಾಗ್ಲು ಹಾಕಿದ್ಮೇಲೆ ನೀನು ಸತ್ತಂಗೇ ಲೆಕ್ಕ. ಅವ್ವ ಕರೆದ್ರೆ ಜೀವ ಬರ್ತೈತೆ. ಕರೀಲಿಲ್ಲ ಅಂದ್ರೆ ಸತ್ತೇ ಇರ್ತೀಯ, ತಿಳ್ಕ!" ಅವನ ಮುಖ ಸಪ್ಪಗಾಯಿತು. ನನಗೆ ಹಿತವೆನಿಸಿತು. ಅವನಿಗಾಗ ಆರು ವರ್ಷ, ನನಗೆ ಒಂಬತ್ತು.

ಆ ವರ್ಷವೇ ಶ್ರಾವಣದ ಎರಡನೇ ಸೋಮವಾರ ಮಠದ ಅಯ್ಯನೋರು ಬಂದರು. ನಮ್ಮ ಮನೆತನ ನಡೆದುಕೊಳ್ಳುತ್ತಿದ್ದ ಸಣ್ಣ ಮಠ, ಅವರೊಬ್ಬರೇ ಇದ್ದರು, ವಯಸ್ಸಾಗಿತ್ತು. ಅಜ್ಜ ಪಾದ ತೊಳೆದರು, ಗದ್ದುಗೆ ಹಾಕಿ ಕೂರಿಸಿದರು, ಯಾವಾಗಲೂ ಕೇಳುವುದನ್ನು ಕೇಳಿದರು. ಅಯ್ಯನೋರು ಕಂಬ ತಬ್ಬಿಕೊಂಡು ನಿಂತಿದ್ದ ಚಂದ್ರುವನ್ನು ನೋಡಿ, "ಈ ಹುಡುಗನ್ನ ಮಠಕ್ಕೆ ಮರಿ ಬಿಡ್ರಿ ರುದ್ರಪ್ಪನೋರೆ. ಓದು ಕಲಿಸಾಣ. ನಮ್ಮ ಹಿಂದೆ ದೀಪ ಹಚ್ಚಾಕೆ ಒಬ್ರು ಬೇಕಲ್ಲ" ಅಂದರು. ಮರಿ ಅಂದರೆ ಮುಂದೆ ಸ್ವಾಮಿಯಾಗುವ ಹುಡುಗ. ಮನೆ, ಅವ್ವ, ಅಪ್ಪ ಎಲ್ಲ ಬಿಟ್ಟು ಮಠದಲ್ಲೇ ಬೆಳೆಯಬೇಕು. ಆಮೇಲೆ ಹೆತ್ತವರೂ ಅವನಿಗೆ ಅಡ್ಡಬಿದ್ದು ದೂರ ನಿಲ್ಲಬೇಕು.

ಅಜ್ಜ ಯಾರ ಮುಖವನ್ನೂ ನೋಡಲಿಲ್ಲ. ಕೈ ಮುಗಿದು, "ಅಪ್ಪಣೆ ಬುದ್ಧಿ" ಅಂದರು. ಅಷ್ಟೇ. ಮಜ್ಜಿಗೆ ಕೇಳಿದ್ದರೂ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತಿದ್ದರೇನೋ. ಒಳಗೆ ಅವ್ವನ ಕೈಯಿಂದ ಏನೋ ಬಿದ್ದು ಉರುಳಿದ ಸದ್ದು ಕೇಳಿಸಿತು. ಪುರಾಣ ಮುಗಿದ ಮಾರನೇ ದಿನ ಕರೆತರುತ್ತೇವೆ ಅಂತ ಮಾತಾಯಿತು.

ಆಮೇಲಿನ ದಿನಗಳಲ್ಲಿ, ಕಥೆ ಪುಸ್ತಕದಿಂದ ಎದ್ದು ನಮ್ಮ ಮನೆಯೊಳಗೇ ಬಂದು ಕೂತಿದೆ ಅನ್ನುವುದರಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ. ಮಠಕ್ಕೆ ಅನ್ನುತ್ತಾರೆ, ನಿಜವಾಗಿ ಏನು ಮಾಡುತ್ತಾರೋ! ಅಪ್ಪ ಹೊಲದಿಂದ ತಡವಾಗಿ ಬಂದು, ತಲೆ ತಗ್ಗಿಸಿ ಉಂಡು, ಕೊಟ್ಟಿಗೆಗೆ ಹೋಗಿಬಿಡುತ್ತಿದ್ದರು. ಊರ ಹೆಂಗಸರು ಬಂದು, "ಪುಣ್ಯ ಮಾಡಿದ್ದೆ ಕಣೆ ಗಂಗಮ್ಮ, ನಿನ್ನ ಹೊಟ್ಟೇಲಿ ಸ್ವಾಮಿ ಹುಟ್ಟಿದ" ಅಂದರೆ ಅವ್ವ ತಲೆಯಾಡಿಸುತ್ತಿದ್ದಳು. ಅಳಲಿಲ್ಲ, ಜಗಳವಾಡಲಿಲ್ಲ. ಚಂದ್ರುವಿಗೆ ದಿನಾ ತಾನೇ ಕಲಸಿ ತುತ್ತು ಕೊಡುತ್ತಿದ್ದಳು. ಅವನು ಸಾಕು ಅಂದರೂ ಇನ್ನೊಂದು ಕೊಡುತ್ತಿದ್ದಳು. ಅವಳು ಅಳದೆ ಇರುವುದೇ ನನಗೆ ಹೆದರಿಕೆ. ಕಥೆಯ ತಾಯಿಯೂ ಅಳಲಿಲ್ಲವಲ್ಲ! ಅವಳು ಈಳಿಗೆಮಣೆ ಮುಂದೆ ಕೂತರೆ ನಾನು ಚಂದ್ರುವಿನ ಕೈ ಹಿಡಿದುಕೊಂಡು ಹಿತ್ತಿಲಿಗೆ ಓಡುತ್ತಿದ್ದೆ. ನನ್ನ ಸ್ವಂತ ಅವ್ವನಿಗೆ ನಾನು ಹೆದರಿದೆ. ಅದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಹೆದರಿದ್ದು ಹೌದು.

ಕರೆಯೋ ಸಂಧಿಯ ದಿನ ಬಂತು. ಆ ವರ್ಷ ಪಕ್ಕದ ಹಳ್ಳಿಯವರೂ ಬಂದಿದ್ದರು. ಪಡಸಾಲೆ ತುಂಬಿ ಜಗಲಿಯವರೆಗೆ ಜನ. ಮಡಿ ಉಡಿಸಿ, ಹಣೆ ತುಂಬ ವಿಭೂತಿ ಹಚ್ಚಿ ಚಂದ್ರುವನ್ನು ಹಿತ್ತಿಲ ಬಾಗಿಲಾಚೆ ನಿಲ್ಲಿಸಿದರು. ಬಾಗಿಲು ಹಾಕುವಾಗ ಅವನು ನನ್ನನ್ನೇ ನೋಡುತ್ತಿದ್ದ. ಅಜ್ಜ ಓದಿದರು. ಅಷ್ಟು ಚೆನ್ನಾಗಿ ಅವರು ಯಾವತ್ತೂ ಓದಿರಲಿಲ್ಲ. ಕತ್ತಿಯ ಸಾಲು, ಒಲೆಯ ಸಾಲು, ಎಲೆ ಹಾಕಿದ ಸಾಲು. ದನಿ ನಡುಗಿ, ತಡೆದು, ಮತ್ತೆ ಏರುತ್ತಿತ್ತು. ಕೊಡುವವನ ಸುಖವನ್ನು ಅವರು ಆಗಲೇ ಉಣ್ಣುತ್ತಿದ್ದರು ಅಂತ ಈಗ ಅನಿಸುತ್ತದೆ. ತಾಯಿ ಮಗನನ್ನು ಕರೆದಳು ಎಂಬಲ್ಲಿಗೆ ಬಂದು ನಿಲ್ಲಿಸಿದರು. ಎಲ್ಲರ ಕಣ್ಣೂ ಅವ್ವನ ಕಡೆ ತಿರುಗಿದವು.

ಅವ್ವ ಎದ್ದಳು. ಬಾಗಿಲ ತನಕ ಹೋಗಿ ಚಿಲಕದ ಮೇಲೆ ಕೈಯಿಟ್ಟು ನಿಂತಳು. ನಿಂತೇ ಇದ್ದಳು. ಯಾರೋ ಕೆಮ್ಮಿದರು. ಅಜ್ಜ ಮೆಲ್ಲಗೆ, "ಕರಿಯವ್ವ ಗಂಗಮ್ಮ" ಅಂದರು.

ಅವ್ವ ಇತ್ತ ತಿರುಗಿದಳು. ಅವಳ ದನಿ ನನಗೆ ಗುರುತೇ ಸಿಗಲಿಲ್ಲ. "ಕೊಯ್ದೋಳು ಕರೀಬೇಕು ಮಾವ. ನಾನು ಕೊಯ್ದಿಲ್ಲ. ನಾನು ಕರೆಯಲ್ಲ."

ಪಡಸಾಲೆಯಲ್ಲಿ ಒಬ್ಬ ಮುದುಕ, "ಏನಮ್ಮ ಇದು, ಪುರಾಣದ ಮುಂದೆ ಹಿಂಗಾ ಮಾತಾಡೋದು? ಹಿರೇರು ಬರೆದಿಟ್ಟಿದ್ದು ಐತೆ" ಅಂದ. ಅವ್ವ ಅವನ ಕಡೆ ನೋಡಲೂ ಇಲ್ಲ. ಅಜ್ಜನ ಬೆರಳು ಆ ಸಾಲಿನ ಮೇಲೆಯೇ ಇತ್ತು. ಎಲ್ಲರೂ ಅವರಿಬ್ಬರನ್ನೇ ನೋಡುತ್ತಿದ್ದರು. ನನಗೊಬ್ಬಳಿಗೇ ಗೊತ್ತಿದ್ದುದು ಬಾಗಿಲಾಚೆ ಏನಾಗುತ್ತಿದೆ ಅಂತ. ಓದು ನಿಂತಿದೆ. ಕರೆಯಬೇಕಾದ ಹೊತ್ತು ದಾಟಿದೆ. ಯಾರೂ ಕರೆದಿಲ್ಲ. ಕೈಲಿದ್ದ ಹೂವಿನ ತಟ್ಟೆ ಬಿಸಾಕಿ, ಅವ್ವನ ಕೈ ಕೆಳಗೆ ನುಗ್ಗಿ, ಚಿಲಕ ತೆಗೆದು ಹೊರಗೋಡಿದೆ.

ಚಂದ್ರು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ಮಡಿಯ ಪಂಚೆ ತೊಯ್ದು ಕಾಲಿಗೆ ಅಂಟಿತ್ತು. ಅಳುತ್ತಿರಲಿಲ್ಲ. ಸತ್ತವರು ಅಳಬಾರದು ಅಂತ ತಡೆದುಕೊಂಡಿದ್ದನೋ ಏನೋ. ನಾನು ಮುಟ್ಟಿದಾಗ ಬೆಚ್ಚಿಬಿದ್ದು, ಬಹಳ ಸಣ್ಣ ದನಿಯಲ್ಲಿ ಕೇಳಿದ:

"ಅಕ್ಕಾ, ನಾನು ಸತ್ತೋಗಿದೀನಾ?"

ನನ್ನ ಹಿಂದೆ ಅವ್ವ ಬಂದಿದ್ದಳು. ಅವಳ ಹಿಂದೆ, ಬಾಗಿಲಿಗೆ ತಲೆ ಬಡಿಸಿಕೊಂಡು, ಅಜ್ಜ. ಅವರೂ ಕೇಳಿಸಿಕೊಂಡರು. ಅವ್ವ ಅವನನ್ನು ಎತ್ತಿಕೊಂಡಳು, ಎತ್ತಿಕೊಂಡ ಮೇಲೆ ಅತ್ತಳು. ಅಯ್ಯೋ ಆ ಅಳು! ಅಜ್ಜ ಹಿತ್ತಿಲ ಮಣ್ಣಿನಲ್ಲಿ ಹಾಗೇ ಕುಸಿದು ಕೂತು, "ಇಲ್ಲಪ್ಪ, ಇಲ್ಲ. ನೀನು ಅದೀಯ. ಇಲ್ಲೇ ಅದೀಯ ನನ್ನಪ್ಪ" ಅಂತ ಅವನ ಒದ್ದೆ ಪಾದಗಳನ್ನು ಹಿಡಿದುಕೊಂಡರು. ಅಂಥ ದೊಡ್ಡ ಮನುಷ್ಯ ಅಷ್ಟು ಸಣ್ಣಗೆ ಕಂಡದ್ದು ನನಗೆ ಅದೇ ಮೊದಲು. ಒಳಗಿನ ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಕುಂಬಳಕಾಯಿ ಪಲ್ಯ ಯಾರೂ ಉಣ್ಣಲಿಲ್ಲ, ಬೆಳಿಗ್ಗೆ ಎಮ್ಮೆಗೆ ಹಾಕಿದರು.

ಮಾರನೇ ದಿನ ಅಜ್ಜ ಮಠಕ್ಕೆ ಹೋದರು. ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಳ್ಳಲು ನಡೆದೇ ಹೋದರು, ಗಾಡಿ ಕಟ್ಟಲು ಬಿಡಲಿಲ್ಲ. ಅಯ್ಯನೋರು ಸಿಟ್ಟಾಗುತ್ತಾರೆ, ಶಾಪ ಕೊಡುತ್ತಾರೆ ಅಂತ ನಾನು ಸಂಜೆಯವರೆಗೂ ದೇವರ ಗೂಡಿನ ಮುಂದೆ ಕೂತಿದ್ದೆ. ಅಲ್ಲಿ ನಡೆದದ್ದನ್ನು ಅಜ್ಜ ಅಪ್ಪನಿಗೆ ಹೇಳುವಾಗ ಕೇಳಿಸಿಕೊಂಡೆ. ಅಯ್ಯನೋರು, "ಮನೇಲಿ ಎಲ್ರನ್ನೂ ಕೇಳಿ ಒಪ್ಕಂಡಿರಿ ಅನ್ಕಂಡಿದ್ನಲ್ರಿ! ತಾಯಿ ಒಲ್ಲೆ ಅಂದ್ಮೇಲೆ ಮುಗೀತು. ಕುಂತ್ಕಳ್ರಿ, ಪ್ರಸಾದ ಮಾಡ್ಕಂಡು ಹೋಗ್ರಿ" ಅಂದರಂತೆ. ಬೈದಿದ್ದರೆ ಅಜ್ಜನಿಗೆ ಹಗುರಾಗುತ್ತಿತ್ತೋ ಏನೋ. "ಅವರು ಕೇಳಿದ್ದೇ ಬ್ಯಾರೆ, ನಾನು ಕೊಟ್ಟಿದ್ದೇ ಬ್ಯಾರೆ ಕಣಪ್ಪ" ಅಂದರು ಅಪ್ಪನಿಗೆ. ಅಪ್ಪ ಎದ್ದು ಹೋಗಿ ಅವರ ಕಾಲಿಗೆ ಬಿಸಿನೀರು ತಂದುಕೊಟ್ಟರು.

ಮುಂದಿನ ಶ್ರಾವಣ ಆ ಸಂಧಿ ಬಂದಾಗ ಅಜ್ಜ ಏನು ಮಾಡುತ್ತಾರೋ ಅಂತ ನೋಡಲೆಂದೇ ಜನ ಬಂದಿದ್ದರು. ಹಾರಿಸಿಬಿಡಬಹುದಿತ್ತು, ಹಾರಿಸಲಿಲ್ಲ. ಚಂದ್ರುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎಡಗೈಯಲ್ಲಿ ಅವನನ್ನು ಬಳಸಿ, ಓದಲು ಶುರು ಮಾಡಿದರು. ಜಂಗಮ ಬಂದ, ಅಪ್ಪಣೆಯಾಯಿತು. ಕತ್ತಿಯ ಸಾಲಿಗೆ ಬಂದಾಗ ದನಿ ನಿಂತುಹೋಯಿತು. ಮತ್ತೆ ಹಿಂದಿನ ಸಾಲಿನಿಂದ ಓದಿಕೊಂಡು ಬಂದರು, ಮತ್ತೆ ಅಲ್ಲೇ ನಿಂತಿತು. ಚಂದ್ರು ಅವರ ಗಡ್ಡ ಎಳೆಯುತ್ತಿದ್ದ. ಅಜ್ಜ ಕನ್ನಡಕ ತೆಗೆದು, "ಇದು ನನಗೆ ತಿಳಿಯಲ್ಲ. ಇಷ್ಟು ವರ್ಷ ತಿಳಿದೋನಂಗೆ ಅರ್ಥ ಹೇಳ್ದೆ. ದೊಡ್ಡೋರು ಬರೆದಾರೆ, ಸುಳ್ಳು ಅನ್ನಾಕೆ ನಾನ್ಯಾರು? ಆದ್ರೆ ಮಗೀನ ತೊಡೆ ಮ್ಯಾಲೆ ಕುಂಡ್ರಿಸ್ಕಂಡು ಓದಾಕೆ ಬರವಲ್ದು" ಅಂದರು. ಊರಿಗೆಲ್ಲ ಅರ್ಥ ಹೇಳುತ್ತಿದ್ದ ಮನುಷ್ಯ ಹತ್ತು ಜನರ ಮುಂದೆ ತಿಳಿಯಲ್ಲ ಅಂದದ್ದನ್ನು ಕೆಲವರು ಕೊನೆಯವರೆಗೂ ಆಡಿಕೊಂಡರು. ಆಮೇಲಿನ ವರ್ಷಗಳಲ್ಲಿ ಕೇಳುವವರು ಕಡಿಮೆಯಾದರು. ಅಜ್ಜ ಒಬ್ಬರೇ ಓದಿಕೊಳ್ಳುತ್ತಿದ್ದರು. ಶಿವನನ್ನು ಬಿಟ್ಟರು ಅಂತಲ್ಲ. ಪೂಜೆಗೆ ಇನ್ನೂ ಹೆಚ್ಚು ಹೊತ್ತು ಕೂರುತ್ತಿದ್ದರು, ಏನೋ ಕೇಳುವವರ ಹಾಗೆ.

ಈಗ ಆ ಮನೆ ಇಲ್ಲ. ಮಾಳಿಗೆ ಕುಸಿದ ಮೇಲೆ ದಾಯಾದಿಗಳು ಗೋಡೆ ಕೆಡವಿ ಕಣ ಮಾಡಿಕೊಂಡಿದ್ದಾರೆ. ಚಂದ್ರು ಹೊಸದುರ್ಗದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ, ಮೊಮ್ಮಗಳನ್ನು ಭುಜದ ಮೇಲೆ ಕೂರಿಸಿಕೊಂಡೇ ವ್ಯಾಪಾರ ಮಾಡುತ್ತಾನೆ. ಅವನಿಗೆ ಆ ಸಂಜೆಯ ಒಂದು ಚೂರೂ ನೆನಪಿಲ್ಲ. ಹೇಳಿದರೆ, "ಹಂಗಾರೆ ನಾನು ಸ್ವಾಮಿ ಆಗ್ತಿದ್ದೆ ಅನ್ನಕ್ಕ. ಎಲ್ರೂ ನನ್ನ ಕಾಲಿಗೆ ಬೀಳ್ತಿದ್ರಿ. ಎಲ್ಲಾ ಕೆಡಿಸಿಬಿಟ್ರಿ!" ಅಂತ ನಗುತ್ತಾನೆ. ನನಗೆ ನಗು ಬರುವುದಿಲ್ಲ. ಸತ್ತೇ ಇರ್ತೀಯ ಅಂತ ಅವನಿಗೆ ಹೇಳಿದವಳು ನಾನು. ಸತ್ತೋಗಿದೀನಾ ಅಂತ ಅವನು ಕೇಳದಿದ್ದರೆ ಅಜ್ಜ ಮಠಕ್ಕೆ ನಡೆದು ಹೋಗುತ್ತಿದ್ದರೋ ಇಲ್ಲವೋ. ನನ್ನ ಹೊಟ್ಟೆಕಿಚ್ಚಿನ ಮಾತೇ ಅವನನ್ನು ಉಳಿಸಿತು ಅಂತ ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ಆದರೆ ಗೋಡೆಗಾತುಕೊಂಡು ನಿಂತಿದ್ದ ಆ ಮುಖ ಕಣ್ಣಿಗೆ ಬಂದರೆ ಯಾವ ಸಮಾಧಾನವೂ ನಿಲ್ಲುವುದಿಲ್ಲ.

ಅವ್ವ ಕೊನೆಯ ಎರಡು ವರ್ಷ ಹೊಳಲ್ಕೆರೆಯಲ್ಲಿ ನನ್ನ ಜೊತೆಗೇ ಇದ್ದಳು. ಹೋಗುವುದಕ್ಕೆ ಸ್ವಲ್ಪ ದಿನ ಮೊದಲು, ಒಂದು ಮಧ್ಯಾಹ್ನ ನಾನು ಅನ್ನ ಮೆದು ಮಾಡಿ ತಿನ್ನಿಸುತ್ತಿದ್ದಾಗ, ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದು ತಡೆದಳು. ಕಣ್ಣಲ್ಲಿ ಭಯವಿತ್ತು.

"ಅವತ್ತು ನಾನು ದೊಡ್ಡದಾಗಿ ಅಂದ್ನಲ್ಲೇ, ಕೊಯ್ದೋಳು ಕರೀಬೇಕು ಅಂತ. ಅದ್ಕೂ ಮುಂಚೆ ನಾಕು ವರ್ಷ ನಗ್ತಾ ನಗ್ತಾ ಕರೆದೆನಲ್ಲ. ಅದೇನು ಲೆಕ್ಕ?"

"ಅದು ಆಟ ಕಣವ್ವ" ಅಂದೆ. "ಅವನು ಓಡಿ ಬಂದನಲ್ಲ."

"ಬಂದ" ಅಂದಳು. ಮತ್ತೆ ಕೇಳಿದಳು: "ಕಥೇಲಿ ಇದ್ನಲ್ಲ, ಆ ಹುಡುಗ. ಬಂದ್ಮೇಲೆ ಅವರವ್ವನ ಕೈಲಿ ಮತ್ತೆ ಉಂಡ್ನೇನೆ? ನಿಮ್ಮಜ್ಜ ಏನಾದ್ರೂ ಓದಿದ್ರಾ?"

ಉಂಡ ಅನ್ನಬಹುದಿತ್ತು. ನೋಡಿ ಹೇಳ್ತೀನಿ ಅಂದೆ.

ಅವಳ ತಿಥಿಯೆಲ್ಲ ಮುಗಿದ ಮೇಲೆ ಅಜ್ಜನ ಪುಸ್ತಕ ಬಿಚ್ಚಿ ಆ ಸಂಧಿಯನ್ನು ಮೊದಲ ಸಲ ನಾನೇ ಓದಿದೆ. ತಾಯಿ ಕರೆಯುತ್ತಾಳೆ, ಮಗ ಓಡಿ ಬರುತ್ತಾನೆ, ಶಿವ ನಿಜರೂಪ ತೋರುತ್ತಾನೆ. ಮುಂದಿನ ಸಾಲಿನಲ್ಲೇ ವಿಮಾನ ಇಳಿದು ಎಲ್ಲರೂ ಕೈಲಾಸಕ್ಕೆ ಹೋಗುತ್ತಾರೆ. ಉಂಡ ಮಾತು ಎಲ್ಲಿಯೂ ಇಲ್ಲ.